ನಡುಗುವ ಊರಿನಲ್ಲಿ ಕಲ್ಲು ನಂಬಿದ ಭಾವ

ಮೊಳಕಾಲ್ಮೂರು

ಜಪಾನಿಗೆ ಹೋಗಿ ಬಂದವನೆಂದು ನನ್ನನ್ನು ನೋಡಲು ಬರುವವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಅಲ್ಲಿ ನೆಲ ನಡುಗುತ್ತದಂತಲ್ಲ, ನಿಜವೇ? ನಿಜ ಎಂದರೆ ನಂಬುವುದಿಲ್ಲ. ಸುಳ್ಳು ಎಂದರೆ ಮುಖ ಸಪ್ಪಗೆ ಮಾಡುತ್ತಾರೆ. ರಷ್ಯದ ಚಕ್ರವರ್ತಿಯನ್ನು ಸೋಲಿಸಿದ ಜನ ಏನು ತಿನ್ನುತ್ತಾರೆ, ಏನು ಉಡುತ್ತಾರೆ, ಹೇಗೆ ನೇಯುತ್ತಾರೆ ಎಂದು ಒಬ್ಬನಾದರೂ ಕೇಳಬೇಕಲ್ಲ! ಆಗಲಿ, ನಡುಕದ ಸಂಗತಿಯನ್ನೇ ಬರೆದುಬಿಡುತ್ತೇನೆ. ಓದಿಕೊಂಡು ನನ್ನನ್ನು ನನ್ನ ಪಾಡಿಗೆ ಬಿಟ್ಟರೆ ಸಾಕು.

ನಮ್ಮವರು ನಂಬದಿರುವುದೂ ಸಹಜವೇ. ನಮ್ಮ ಊರಿನ ಗುಡ್ಡಗಳನ್ನು ನೋಡಿ. ಮನೆಯಷ್ಟು ದೊಡ್ಡ ಗುಂಡು ಇನ್ನೊಂದು ಗುಂಡಿನ ನೆತ್ತಿಯ ಮೇಲೆ, ಮೊರದಷ್ಟು ಜಾಗದಲ್ಲಿ ಕೂತಿದೆ. ಯಾವ ತಾತನ ಕಾಲದಲ್ಲೂ ಅದು ಅಲುಗಿದ್ದಿಲ್ಲ. ಅದರ ನೆರಳಿನಲ್ಲಿ ಕುರಿ ಕಾಯುವವರು ನಿದ್ದೆ ಹೊಡೆಯುತ್ತಾರೆ. ಆಲಿಕಲ್ಲು ಬಿದ್ದರೆ ಅದರ ಬುಡಕ್ಕೇ ಓಡುತ್ತಾರೆ. ಮನೆಗಳಿಗೂ ಕಲ್ಲಿನ ಗೋಡೆ, ಕಲ್ಲುಚಪ್ಪಡಿಯ ಮಾಳಿಗೆ. ಒಟ್ಟಿನಲ್ಲಿ ಏನೇ ಅಪಾಯ ಬರಲಿ, ಕಲ್ಲಿಗೆ ಬೆನ್ನು ಕೊಟ್ಟು ಕೂತರೆ ಆಯಿತು ಎಂದು ನಾವು ಹಾಲು ಕುಡಿಯುವಾಗಲೇ ಕಲಿತಿರುತ್ತೇವೆ.

ಇಂಥ ಊರನ್ನು ಬಿಟ್ಟು ನಾನು ಕಡಲು ದಾಟಿದ್ದು ಮೋಜಿಗಲ್ಲ, ಅವ್ವನ ಕಣ್ಣಿಗಾಗಿ. ನಮ್ಮದು ರೇಷ್ಮೆ ಸೀರೆಯ ಮಗ್ಗ. ಅಂಚಿನಲ್ಲಿ ಬಳ್ಳಿ, ಸೆರಗಿನಲ್ಲಿ ನವಿಲು ಮೂಡಬೇಕಾದರೆ ನೇಯುವವನ ಪಕ್ಕದಲ್ಲಿ ಇನ್ನೊಬ್ಬರು ಕೂತು, ಹಾಸಿನ ಎಳೆಗಳನ್ನು ಆರಿಸಿ ಎತ್ತಿಕೊಡಬೇಕು. ಅಪ್ಪನ ಕಾಲದಿಂದಲೂ ಎಳೆ ಎತ್ತುತ್ತಿದ್ದವಳು ನಮ್ಮವ್ವ. ಕಣ್ಣು ಮಂಜಾದ ಮೇಲೆ ಬೆರಳಿನಲ್ಲೇ ತಡವಿ ತಡವಿ ಎತ್ತುತ್ತಿದ್ದಳು. ತಪ್ಪಿದರೆ ಬಿಚ್ಚುವುದು, ಮತ್ತೆ ಕೂರುವುದು. ಒಂದು ದಿನ ನನ್ನ ಹೆಂಡತಿಯನ್ನು ಕೂರಿಸಿ ನೋಡಿದೆ. ನವಿಲಿಗೆ ಮೂರು ಕಾಲು ಬಂತು. ಅವ್ವ ಮತ್ತೆ ಬಂದು ಕೂತಳು.

"ನನ್ ಕಣ್ ಹೋದ್ರೆ ಹೋಗ್ಲಿ ಬಿಡಪ್ಪ, ಮಗ್ಗ ನಿಲ್ಲಬಾರ್ದು" ಅಂದಳು. ಆ ಮಾತು ಕೇಳಿದ ಮೇಲೆ ನನಗೆ ಅನ್ನ ಇಳಿಯಲಿಲ್ಲ.

ಅದೇ ಸಮಯದಲ್ಲಿ ಮುಂಬಯಿಯ ನೂಲಿನ ವ್ಯಾಪಾರಿಯೊಬ್ಬರು, ಜಪಾನಿನಲ್ಲಿ ತಾನೇ ಎಳೆ ಎತ್ತಿಕೊಳ್ಳುವ ಮಗ್ಗ ಇದೆಯೆಂದು ಹೇಳಿದರು. ಮಗ್ಗದ ನೆತ್ತಿಯ ಮೇಲೆ ತೂತು ಕೊರೆದ ರಟ್ಟುಗಳ ಮಾಲೆ, ಅದರಿಂದ ಇಳಿಬಿಟ್ಟ ನೂರಾರು ದಾರ. ಕಾಲಿನಿಂದ ತುಳಿದರೆ ಬೇಕಾದ ಎಳೆಗಳು ತಾವೇ ಮೇಲೇಳುತ್ತವೆ. ರಟ್ಟುಗಳನ್ನೂ ಅವನ್ನು ಕೂರಿಸುವ ಪೆಟ್ಟಿಗೆಯನ್ನೂ ಅವರು ತರಿಸಿಕೊಡಬಲ್ಲರು. ಯಾವ ದಾರವನ್ನು ಯಾವ ಎಳೆಗೆ, ಹೇಗೆ ಕಟ್ಟಬೇಕು ಎಂಬುದನ್ನು ಮಾತ್ರ ಅಲ್ಲಿಗೇ ಹೋಗಿ ಕಲಿಯಬೇಕು. ಹೋಗುತ್ತೇನೆ ಅಂದೆ.

ಚಳ್ಳಕೆರೆ

ನನಗೆ ಬರುವುದು ಕನ್ನಡ, ತೆಲುಗು. ಅವೆರಡನ್ನು ಕಟ್ಟಿಕೊಂಡು ಜಪಾನಿನಲ್ಲಿ ಏನು ಮಾಡುತ್ತೀ ಎಂದು ಚಳ್ಳಕೆರೆಯ ಅಕ್ಕ ತನ್ನ ಗಂಡನನ್ನು ಜೊತೆಗೆ ಕಳಿಸಿದಳು. ಭಾವ ಸಂತೆಯಲ್ಲಿ ಸಾಬರೊಂದಿಗೆ ವ್ಯವಹರಿಸಿ ಉರ್ದು ಕಲಿತವರು. ಅವರ ಹೆಸರು ರುದ್ರಪ್ಪ. ಹುಟ್ಟಿದ್ದು ನಮ್ಮಂತೆಯೇ ನೇಕಾರರ ಮನೆಯಲ್ಲಿ. ಮೀಸೆ ಚಿಗುರುವ ತನಕ ಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡೇ ಬೆಳೆದರು. ಆಮೇಲೆ ಕಂಬಳಿ ವ್ಯಾಪಾರಕ್ಕೆ ಇಳಿದು ಅಂಗಡಿಯ ಗಾದಿ ಏರಿದರು ನೋಡಿ, ಅಂದಿನಿಂದ ನೇಯುವವರನ್ನು ಕಂಡರೆ "ಪಾಪ" ಅನ್ನುವುದು ರೂಢಿಯಾಯಿತು. ನನ್ನನ್ನು ಕಂಡಾಗಲೂ ಪಾಪ ಅನ್ನುತ್ತಿದ್ದರು.

ಅವರು ಒಪ್ಪಿದ್ದಕ್ಕೆ ಕಾರಣ ಬೇರೆ. ಜಪಾನಿನಲ್ಲಿ ಚಳಿಯಂತೆ. ಚಳಿಯಿದ್ದ ಮೇಲೆ ಚಳ್ಳಕೆರೆ ಕಂಬಳಿ ಯಾಕೆ ಬೇಡ? ಒಂದು ದೊಡ್ಡ ಹೊರೆ ಕಟ್ಟಿಕೊಂಡರು. ಕಡಲು ದಾಟಿದರೆ ಕುಲ ಕೆಡುತ್ತದೆಂದು ಬುದ್ಧಿ ಹೇಳಲು ಬಂದ ಹಿರಿಯರು, ಹೊರಡುವ ದಿನ ತಮಗೊಂದು ಜಪಾನೀ ಕೊಡೆ ತರಬೇಕೆಂದು ಗುಟ್ಟಾಗಿ ಹೇಳಿ ಹೋದರು.

ಗಾಡಿ ಹತ್ತುವಾಗ ಅಕ್ಕ ನನ್ನ ಕಿವಿಯಲ್ಲಿ, "ಲೇ ಈರಣ್ಣ, ನಿಮ್ ಭಾವನ್ನ ಜ್ವಾಪಾನವಾಗಿ ವಾಪಸ್ ಕರ್ಕೊಂಡ್ ಬಾರಪ್ಪ. ಬಾಯಿ ದೊಡ್ದು, ಎದೆ ಸಣ್ದು" ಅಂದಳು. ಅಕ್ಕ ಒಂದೇ ಮಾತಿನಲ್ಲಿ ಇಡೀ ಮನುಷ್ಯನನ್ನು ಅಳೆದಿಟ್ಟಿದ್ದಳು. ಭಾವ ಹಿರಿಯರೆಂದು, ಹೋಗಿಬರುವ ಹಡಗಿನ ಟಿಕೇಟುಗಳೆರಡೂ ಅವರ ಸೊಂಟದ ಚೀಲ ಸೇರಿದವು. ಅವರು ಹಿಂದಿರುಗಿದರೆ ನಾನೂ ಹಿಂದಿರುಗಬೇಕು. ಹಾಗಿತ್ತು ಏರ್ಪಾಡು.

ಯೊಕೊಹಾಮಾ

ಹಡಗಿನಲ್ಲಿ ವಾಂತಿ ಮಾಡಿಕೊಂಡದ್ದನ್ನು ಬರೆದು ನಿಮ್ಮ ಊಟ ಕೆಡಿಸುವುದಿಲ್ಲ. ಯೊಕೊಹಾಮಾದಲ್ಲಿ ಸಿಂಧಿ ಜವಳಿ ವ್ಯಾಪಾರಿಯೊಬ್ಬರ ಅಟ್ಟದಲ್ಲಿ ಇಳಿದೆವು. ಬೆಳಿಗ್ಗೆ ಭಾವ ತಂದ ರಾಗಿಹಿಟ್ಟಿನಲ್ಲಿ ಮುದ್ದೆ ತಿರುವುತ್ತಿದ್ದೆ. ಇದ್ದಕ್ಕಿದ್ದಂತೆ ಪಾತ್ರೆ ತಾನೇ ತಿರುಗತೊಡಗಿತು. ಬಾಗಿಲುಗಳು ಕಟಕಟ ಅಂದವು. ತೂಗುಹಾಕಿದ್ದ ದೀಪ ಅತ್ತಿಂದಿತ್ತ ಓಲಾಡಿತು. ಒಂದು ಕ್ಷಣ ನನಗೇ ತಲೆಸುತ್ತು ಬಂದಿದೆ ಅಂದುಕೊಂಡೆ.

"ಅಯ್ಯೋ ಶಿವನೇ! ಹಿಡ್ಕೊಳ್ಲೇ ಮನೇನ!" ಎಂದು ಭಾವ ಕೂಗಿದರು. ಮನೆಯನ್ನು ಎಲ್ಲಿ ಹಿಡಿಯುವುದು? ಅವರಂತೂ ಮನೆಯನ್ನು ಬಿಟ್ಟು ಕಂಬಳಿ ಹೊರೆಯನ್ನು ತಬ್ಬಿಕೊಂಡಿದ್ದರು. ಇಬ್ಬರೂ ಮೆಟ್ಟಿಲಿನಲ್ಲಿ ಉರುಳಿಕೊಂಡು ಬೀದಿಗೆ ಬಿದ್ದೆವು.

ಬೀದಿಯಲ್ಲಿ ಪರದೇಶದವರ ಜಾತ್ರೆಯೇ ನೆರೆದಿತ್ತು. ಸಿಂಧಿ ವ್ಯಾಪಾರಿ ಒಂದೇ ಉಸಿರಿಗೆ ಐದಾರು ದೇವರನ್ನು ಕರೆಯುತ್ತಿದ್ದ. ಎದುರಿನ ಹೋಟೆಲಿನಿಂದ ಬಿಳಿಯ ದೊರೆಯೊಬ್ಬ ಓಡಿ ಬಂದ. ಅರ್ಧ ಗಲ್ಲ ಬೋಳಿಸಿತ್ತು, ಇನ್ನರ್ಧಕ್ಕೆ ಸೋಪಿನ ನೊರೆ ಮೆತ್ತಿತ್ತು. ಒಂದು ಕಾಲಿಗೆ ಬೂಟು. ಬಿಸಿಲೂ ಇಲ್ಲ, ಮಳೆಯೂ ಇಲ್ಲ, ತಲೆಯ ಮೇಲೆ ಕೊಡೆ ಬಿಚ್ಚಿ ಹಿಡಿದಿದ್ದ! ಹೆಂಚು ಬಿದ್ದರೆ ಕೊಡೆ ತಡೆಯುತ್ತದೆಂಬ ಲೆಕ್ಕವೋ ಏನೋ. ನೆಲ ನಿಂತ ಕೂಡಲೇ ಅವನು ಹೋಟೆಲಿನ ಯಜಮಾನನನ್ನು ಕರೆಸಿ ಕೆಂಡಾಮಂಡಲವಾಗಿ ಬೈಯತೊಡಗಿದ. ಬಾಡಿಗೆ ಕೊಡುವ ಮನುಷ್ಯನಿದ್ದಾಗ ಭೂಮಿ ನಡುಗುವುದೆಂದರೇನು, ನಾಳೆಯಿಂದ ಇಂಥದ್ದು ನಡೆಯಕೂಡದು ಎಂಬ ಧಾಟಿ. ಯಜಮಾನ ಸೊಂಟ ಬಗ್ಗಿಸಿ ಬಗ್ಗಿಸಿ ಕ್ಷಮೆ ಕೇಳಿದ. ಕ್ಷಮೆ ಸಿಕ್ಕಮೇಲೆ ದೊರೆ ಉಳಿದ ಗಲ್ಲ ಬೋಳಿಸಲು ಒಳಗೆ ಹೋದ.

ಊರಿನವರು? ಮೀನು ಮಾರುವವನು ಇಳಿಸಿದ್ದ ಬುಟ್ಟಿಯನ್ನು ಮತ್ತೆ ಹೊತ್ತುಕೊಂಡು ಹೊರಟ. ನಮ್ಮ ಕೆಳಮನೆಯ ಹೆಂಗಸು ಕೆಂಡದ ಕುಂಡಕ್ಕೆ ಮುಚ್ಚಳ ಮುಚ್ಚಿ, ಬಾಗಿಲು ಸರಿಸಿಟ್ಟು ಹೊಸ್ತಿಲಲ್ಲಿ ನಿಂತಿದ್ದಳು. ನಮ್ಮಿಬ್ಬರನ್ನು ನೋಡಿ ಬಾಯಿಗೆ ತೋಳು ಅಡ್ಡ ಹಿಡಿದು ನಕ್ಕಳು. ನಗಲಿ ಪಾಪ, ಭಾವನ ರುಮಾಲು ಕೊರಳಿಗೆ ಬಂದು ಹೆಣ್ಣುಮಕ್ಕಳ ಸೆರಗಿನಂತೆ ಇಳಿಬಿದ್ದಿತ್ತು.

"ನಾಳೆ ಹಡಗೈತಾ ಕೇಳ್ಕೊಂಡ್ ಬಾ. ವಾಪಸ್ ಹೋಗಾಣ" ಅಂದರು ಭಾವ.

ನಾನು ಅವರಿಗೆ ಅಡ್ಡ ನಿಂತೆ. "ಭಾವ, ಇನ್ನೂ ಮಗ್ಗಾನೇ ನೋಡಿಲ್ವಲ್ರಿ! ಅವ್ವನ ಮುಖ ನೋಡಿ ಬಂದೋನು ನಾನು. ಬರಿಗೈಲಿ ಹೆಂಗ್ ಹೋಗ್ಲಿ?"

ಕೈಮುಗಿದೆ, ಕಾಲು ಹಿಡಿದೆ, ಕಡೆಗೆ ಅವರು ಹೊತ್ತು ತಂದ ಕಂಬಳಿಗಳನ್ನೂ ನೆನಪಿಸಿದೆ. ಕಂಬಳಿಯ ಹೆಸರೆತ್ತಿದ ಮೇಲೆ ಸ್ವಲ್ಪ ಕರಗಿದರು. "ಆತು. ಇನ್ನೊಂದ್ ಸಲ ನೆಲ ನಡುಗ್ಲಿ, ಗಂಟು ಮೂಟೆ ಕಟ್ಟೋದೇ. ಆವಾಗ ಅವ್ವನ್ ಹೆಸ್ರು ತೆಗೀಬ್ಯಾಡ."

ಒಪ್ಪಿಕೊಂಡೆ. ಜಪಾನಿನಲ್ಲಿ ನೆಲ ನಡುಗದಂತೆ ಹರಕೆ ಹೊತ್ತ ಮೊದಲ ಮನುಷ್ಯ ನಾನೇ ಇರಬೇಕು.

ಕಿರ್ಯೂ

ಕಿರ್ಯೂ ನೇಕಾರರ ಊರು. ಬೀದಿಗೆ ಕಾಲಿಟ್ಟರೆ ಎರಡೂ ಕಡೆಯಿಂದ ಲಾಳಿಯ ಸದ್ದು. ಕಣ್ಣು ಮುಚ್ಚಿಕೊಂಡರೆ ಮೊಳಕಾಲ್ಮೂರೇ. ಆ ಸದ್ದು ಕೇಳಿ ನನಗೆ ಅಳು ಬಂತು, ಹೇಳಿಕೊಳ್ಳಲು ನಾಚಿಕೆ ಏನು.

ನಮ್ಮನ್ನು ಇಟ್ಟುಕೊಂಡದ್ದು ಕೆಂಜಿ ಎಂಬುವನ ಮನೆಯವರು. ಅವನು ಮುಂಬಯಿಯ ಅದೇ ನೂಲಿನ ವ್ಯಾಪಾರಿಯ ಅಂಗಡಿಯಲ್ಲಿ ಕೆಲವು ವರ್ಷ ಇದ್ದು ಬಂದವನು. ಅವನ ಮುಂಬಯಿ ಹಿಂದೂಸ್ತಾನಿಗೂ ಭಾವನ ಚಳ್ಳಕೆರೆ ಉರ್ದುವಿಗೂ ಹೇಗೋ ಹೊಂದಾಣಿಕೆಯಾಯಿತು. ಅವನು ಅಂದದ್ದನ್ನು ಭಾವ ನನಗೆ ಕನ್ನಡಕ್ಕೆ ತಂದು ಹೇಳುವರು. ಕೆಂಜಿಗೆ ಹೆಂಡತಿ, ತೆವಳುವ ಮಗಳು. ಆದರೆ ಮನೆಯೂ ಮಗ್ಗಗಳೂ ನಡೆಯುತ್ತಿದ್ದುದು ಅವನ ತಾಯಿಯ ಮಾತಿನಂತೆ. ನಾವು ಆಕೆಯನ್ನು ಅಜ್ಜಿ ಅಂದೆವು. ನಮ್ಮವ್ವನ ವಯಸ್ಸು, ಮೊಳಕಾಲುದ್ದದ ದೇಹ, ಹದ್ದಿನ ಕಣ್ಣು. ರಟ್ಟಿನ ಮಾಲೆಯ ದಾರಗಳನ್ನು ಎಳೆಗಳಿಗೆ ಕಟ್ಟುವ ಕೆಲಸವನ್ನು ಇನ್ನೊಬ್ಬರಿಗೆ ಬಿಡುತ್ತಿರಲಿಲ್ಲ. ನಾನು ಕಲಿಯಬೇಕಾದದ್ದು ಅದನ್ನೇ, ಅವಳಿಂದಲೇ.

ಅಜ್ಜಿ ಬಾಯಲ್ಲಿ ಹೇಳಿಕೊಡುವವಳಲ್ಲ. ಕಟ್ಟಿ ತೋರಿಸುತ್ತಾಳೆ, ಬಿಚ್ಚುತ್ತಾಳೆ, ಈಗ ನೀನು ಕಟ್ಟು ಎಂಬಂತೆ ನನ್ನನ್ನು ನೋಡುತ್ತಾಳೆ. ತಪ್ಪಿದರೆ ಬೆರಳಿನ ಗೆಣ್ಣಿಗೆ ಬಿದಿರು ಕಡ್ಡಿಯಿಂದ ಒಂದು ಏಟು. ಮೀಸೆ ಹೊತ್ತ ಗಂಡಸು, ಮಗುವಿನ ಹಾಗೆ ಏಟು ತಿಂದುಕೊಂಡು ಕಲಿತೆ.

ಭಾವನಿಗೆ ಆ ಮನೆಯೇ ಹಿಡಿಸಲಿಲ್ಲ. ಮರದ ಕಂಬ, ಕಾಗದದ ಬಾಗಿಲು. "ಇದು ಮನೆ ಅಲ್ಲ ಕಣ್ಲೇ, ಗಾಳಿಪಟ" ಅನ್ನುತ್ತಿದ್ದರು. ಅವರ ಕಣ್ಣು ಬಿದ್ದದ್ದು ಹಿತ್ತಲಿನ ಕಲ್ಲಿನ ಉಗ್ರಾಣದ ಮೇಲೆ. ಬೆಂಕಿ ಬಿದ್ದರೂ ನೂಲು ಉಳಿಯಲೆಂದು ಕಲ್ಲುಗಳನ್ನು ಪೇರಿಸಿ ಕಟ್ಟಿದ್ದರು. ಅದನ್ನು ಕಂಡು ಭಾವ, ತವರುಮನೆ ಕಂಡ ಹೆಣ್ಣುಮಗಳಂತೆ ಗೋಡೆಯನ್ನು ಸವರಿದರು. ತಮ್ಮ ಹಾಸಿಗೆಯನ್ನು ಅಲ್ಲಿ ಹಾಕಿಕೊಡಿ ಅಂದರು. ಅಜ್ಜಿ ಆಗುವುದಿಲ್ಲವೆಂದು ಕೈಯಾಡಿಸಿದಳು.

ಭಾವನಿಗೆ ಸಿಟ್ಟು ನೆತ್ತಿಗೇರಿತು. "ನೋಡ್ದೇನ್ಲೇ ಇವರ ಮರ್ಯಾದೇನ! ನೂಲಿಗೆ ಕಲ್ಲಿನ ಮನೆ, ನೆಂಟ್ರಿಗೆ ಕಾಗದದ ಮನೆ!"

ಕೆಂಜಿ ಏನೋ ವಿವರಿಸಲು ಬಂದ. ನಡುಗುವಾಗ ಮರದ ಮನೆ ಓಲಾಡಿ ನಿಲ್ಲುತ್ತದೆ, ಕಲ್ಲು ಓಲಾಡುವುದಿಲ್ಲ, ಉದುರುತ್ತದೆ ಎಂದ. "ನಮ್ಮೂರಾಗೆ ಬಂದು ನೋಡಪ್ಪ, ಕಲ್ಲು ಉದುರ್ತೈತಾ ಅಂತ" ಎಂದು ಭಾವ ಎದೆ ತಟ್ಟಿಕೊಂಡರು. ಮಾತು ಬೆಳೆದು, ಭೂಮಿ ನಡುಗುವುದೇಕೆ ಎಂಬಲ್ಲಿಗೆ ಬಂತು. ನೆಲದಡಿ ಒಂದು ದೊಡ್ಡ ಮೀನು ಮಲಗಿದೆ, ಅದು ಬಾಲ ಆಡಿಸಿದಾಗ ನಡುಗುತ್ತದೆಂದು ತಮ್ಮ ಹಿಂದಿನವರು ಹೇಳುತ್ತಿದ್ದರೆಂದ ಕೆಂಜಿ.

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೀನಿನ ಮ್ಯಾಲೆ ಊರು ಕಟ್ಟಿದ್ರೆ ಇನ್ನೇನಾಗ್ತೈತೆ! ನಮ್ ಭೂಮೀನ ಆದಿಶೇಷ ಹೊತ್ತವ್ನೆ, ಸಾವಿರ ಹೆಡೆ. ಅದುಕ್ಕೇ ಗಟ್ಟಿ ಐತೆ."

ಹಾವು ಮೀನಿಗಿಂತ ಗಟ್ಟಿ ಹೇಗಾಯಿತೆಂದು ನಾನು ಕೇಳಲಿಲ್ಲ. ಟಿಕೇಟು ಅವರ ಸೊಂಟದಲ್ಲಿತ್ತು.

ಆ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಏನಾದರೊಂದು ಅಲುಗುತ್ತಿತ್ತು. ಅಲುಗಿದಾಗಲೆಲ್ಲ ನಮ್ಮಲ್ಲಿ ಪಂಚಾಯಿತಿ. ಭಾವ ಎದ್ದು ಉಗ್ರಾಣದ ಕಡೆ ದೌಡಾಯಿಸಿ, ಅದರ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವರು. ನಾನು, "ಗಾಳಿ ಕಣ್ರಿ ಭಾವ" ಅನ್ನುವೆನು. ಕೆಂಜಿಯನ್ನು ತೀರ್ಪು ಕೇಳಿದರೆ, ಅವನು ಬಹಳ ಯೋಚಿಸಿ, ಇದನ್ನೆಲ್ಲ ನಮ್ಮಲ್ಲಿ ನಡುಕ ಅನ್ನುವುದಿಲ್ಲ, ಭೂಮಿ ಮಗ್ಗಲು ಬದಲಿಸಿತು ಅಷ್ಟೆ ಎನ್ನುವನು. ದೇವರು ಅವನನ್ನು ಚೆನ್ನಾಗಿಟ್ಟಿರಲಿ. ಅಜ್ಜಿಯಂತೂ ಕಟ್ಟುತ್ತಿದ್ದ ಗಂಟಿನಿಂದ ಕಣ್ಣೆತ್ತುತ್ತಿರಲಿಲ್ಲ.

ಒಂದು ದಿನ ಮಾತ್ರ ಸ್ವಲ್ಪ ಜೋರಾಗಿಯೇ ಬಂತು. ಮೊಮ್ಮಗಳು ಚಾಪೆಯ ಮೇಲೆ ಅಳುತ್ತ ಕೂತಿದ್ದಳು. ಅಜ್ಜಿ ಮಗುವನ್ನು ದಾಟಿಕೊಂಡು ಹೋಗಿ ಒಲೆಗೆ ನೀರು ಸುರಿದಳು, ಕೆಂಡಕ್ಕೆ ಬೂದಿ ಮುಚ್ಚಿದಳು, ಬಾಗಿಲುಗಳನ್ನು ಸರಿಸಿದಳು. ಆಮೇಲೆ ಸೊಸೆ ಬಂದು ಮಗುವನ್ನು ಎತ್ತಿಕೊಂಡಳು. ನಾವಿಬ್ಬರೂ ಬೆಪ್ಪಾಗಿ ನೋಡಿದೆವು. ನಮ್ಮ ಕಡೆ ಮುದುಕಿಯೊಬ್ಬಳು ಹೀಗೆ ಮಾಡಿದ್ದರೆ ಕೇರಿಯವರು ಮುಖಕ್ಕೆ ಉಗಿಯುತ್ತಿದ್ದರು.

"ಇವಳು ಹೆಂಗಸಾ? ಮೊಮ್ಮಗಳಿಗಿಂತ ಒಲೆ ಹೆಚ್ಚಾತಲ್ಲೇ ಇವಳಿಗೆ! ಸಾಕು, ಇಂಥ ಕಲ್ಲೆದೆಯವರ ಮನೇಲಿ ನೀರು ಮುಟ್ಟಬಾರ್ದು. ಹೊರಡು" ಅಂದರು ಭಾವ.

ನನಗೂ ಅಜ್ಜಿಯ ಮೇಲೆ ಅಸಹ್ಯವಾಗಿತ್ತು, ನಿಜ. ಆದರೆ ಆ ಹೊತ್ತಿಗೆ ಬಳ್ಳಿಯ ಗಂಟು ಕೈಗೆ ಬಂದಿತ್ತು, ನವಿಲಿನದು ಬಾಕಿಯಿತ್ತು. ಕಂಬಳಿ ಒಂದೂ ಮಾರಿಲ್ಲವೆಂದು ನೆನಪಿಸಿದೆ. ಊರಿನವರು ಬಂದು ಕಂಬಳಿಯನ್ನು ಮುಟ್ಟಿ ನೋಡಿ, ಚುಚ್ಚುತ್ತದೆಂದು ಕೈ ಕೆರೆದುಕೊಂಡು ಹೋಗುತ್ತಿದ್ದರು. ಒಂದನ್ನಾದರೂ ಮಾರದೆ ಹೋದರೆ ಚಳ್ಳಕೆರೆ ಪೇಟೆಯಲ್ಲಿ ಮುಖವೆತ್ತಿ ತಿರುಗುವುದು ಹೇಗೆ? ಭಾವ ಗೊಣಗುತ್ತ ಉಳಿದರು.

ಹಿತ್ತಲು

ದೊಡ್ಡದು ಬಂದದ್ದು ಮಧ್ಯಾಹ್ನ. ಕೆಂಜಿ ಪೇಟೆಗೆ ಹೋಗಿದ್ದ. ನಾನು ಮಗ್ಗದ ಮುಂದೆ ದಾರ ಕಟ್ಟುತ್ತಿದ್ದೆ. ಭಾವ ಹಿತ್ತಲಿನಲ್ಲಿ ಕಂಬಳಿಗಳನ್ನು ಬಿಸಿಲಿಗೆ ಹರಡುತ್ತಿದ್ದರು.

ಮೊದಲು ನೆಲದೊಳಗಿನಿಂದ ನೂರು ಗಾಡಿ ಒಟ್ಟಿಗೆ ಉರುಳಿದ ಸದ್ದು ಬಂತು. ಆಮೇಲೆ ಮಗ್ಗ ನನ್ನನ್ನು ಒದೆಯಿತು. ಎದ್ದು ನಿಲ್ಲಲಾಗಲಿಲ್ಲ. ಅಂಬೆಗಾಲಿಕ್ಕಿಕೊಂಡು ಹೊರಗೆ ಬಂದೆ. ಕೆಂಜಿಯ ಹೆಂಡತಿ ಮಗುವನ್ನು ಎದೆಗೊತ್ತಿಕೊಂಡು ಹಿತ್ತಲಿನಾಚೆಯ ಬಿದಿರು ಮೆಳೆಗೆ ಓಡುತ್ತಿದ್ದಳು. ಬಿದಿರಿನ ಬೇರು ನೆಲವನ್ನು ಬಿಗಿಹಿಡಿದಿರುತ್ತದೆ, ಅಲ್ಲಿ ನೆಲ ಬಾಯಿ ಬಿಡುವುದಿಲ್ಲ ಎಂಬುದು ಅವರ ನಂಬಿಕೆ. ನಮ್ಮ ಕಡೆ ಬಿದಿರು ಮೆಳೆ ಅಂದರೆ ಹಾವು. ಹಾವಾದರೂ ಸರಿ ಎಂದು ಅವಳ ಹಿಂದೆ ಓಡಿದೆ.

ತಿರುಗಿ ನೋಡುತ್ತೇನೆ, ಭಾವ ಓಡುತ್ತಿದ್ದುದು ಉಗ್ರಾಣಕ್ಕೆ! ಈ ಸಲ ಗೋಡೆಗೆ ಬೆನ್ನು ಕೊಟ್ಟರೆ ಸಾಲದೆಂದು ಒಳಗೇ ನುಗ್ಗಿ, ಗಾಳಿಮಳೆಗೆ ನಾವು ಮಾಡುವ ಹಾಗೆ ಬಾಗಿಲು ಎಳೆದುಕೊಂಡರು. ನಾನು ಅರಚಿದೆ. ಅಕ್ಕನ ಮಾತು ಎದೆಗೆ ಗುದ್ದಿತು. ಕಾಲು ಮಾತ್ರ ಮೆಳೆ ಬಿಟ್ಟು ಕದಲಲಿಲ್ಲ.

ಅಜ್ಜಿ ಇನ್ನೂ ಅಡುಗೆಮನೆಯಲ್ಲಿದ್ದಳು. ಒಲೆಗೆ ನೀರು ಸುರಿದ ಚುಸ್ಸೆಂಬ ಸದ್ದು ನನಗೆ ಕೇಳಿಸಿತು. ಹೊರಗೆ ಬಂದವಳು ನಮ್ಮನ್ನೆಲ್ಲ ಒಮ್ಮೆ ಎಣಿಸಿದಂತೆ ನೋಡಿದಳು. ಒಬ್ಬ ಕಡಿಮೆ. ಉಗ್ರಾಣದ ಕಡೆ ನಡೆದಳು. ಓಡಲಿಲ್ಲ, ತೆಪ್ಪದ ಮೇಲೆ ನಡೆಯುವವರ ಹಾಗೆ ಕಾಲು ಅಗಲಿಸಿಕೊಂಡು ನಡೆದಳು. ಬಾಗಿಲು ಬಡಿದು ಕೂಗಿದಳು.

ಒಳಗಿನಿಂದ ಭಾವನ ದನಿ: "ನಿಮ್ ನೂಲು ಯಾರೂ ಮುಟ್ಟಲ್ಲ, ಹೋಗಮ್ಮ!"

ಅವಳು ಬಾಗಿಲ ಸಂದಿಗೆ ಬಿದಿರು ಗಳ ತೂರಿಸಿ ಮೀಟಿದಳು. ತೆರೆದಷ್ಟು ಜಾಗದಲ್ಲಿ ಕೈ ಹಾಕಿ, ಸಿಕ್ಕಿದ್ದನ್ನು ಹಿಡಿದು ಎಳೆದಳು. ಸಿಕ್ಕಿದ್ದು ಭಾವನ ಜುಟ್ಟು. ಚಳ್ಳಕೆರೆ ಪೇಟೆಯ ಗಾದಿಯ ಮೇಲೆ ಕೂರುವ ರುದ್ರಪ್ಪನವರು, ಮೊಳಕಾಲುದ್ದದ ಮುದುಕಿಯ ಕೈಯಲ್ಲಿ ಜುಟ್ಟು ಕೊಟ್ಟು "ಅಯ್ಯಯ್ಯೋ" ಎನ್ನುತ್ತ ಹೊರಗೆ ಬಂದರು. ಅವರ ಹಿಂದೆಯೇ ಗೋಡೆ ಬಂತು. ಮೇಲಿನ ಸಾಲು ಕಲ್ಲುಗಳು ಸಡಿಲಿದ ಹಲ್ಲಿನಂತೆ ಉದುರಿ, ಚಾವಣಿ ಕೂತುಹೋಯಿತು. ಒಂದು ಕಲ್ಲು ಅಜ್ಜಿಯ ಬಲಗೈ ಮಣಿಕಟ್ಟಿಗೆ ಬಡಿಯಿತು.

ಅವಳು ಅಲ್ಲೇ ಕುಸಿದು ಕೂತು, ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಭಾವ ಕಲ್ಲಿನ ರಾಶಿಯನ್ನೂ ಅವಳ ಕೈಯನ್ನೂ ನೋಡುತ್ತ ನಿಂತರು.

ಅಷ್ಟರಲ್ಲಿ ಬೀದಿಯಲ್ಲಿ ಹೊಗೆ ಎದ್ದಿತು. ಯೊಕೊಹಾಮಾದ ಕೊಡೆಯ ದೊರೆ ರೇಷ್ಮೆ ಕೊಳ್ಳಲು ಬಂದು ನಾಲ್ಕು ಮನೆಯಾಚೆ ಇಳಿದಿದ್ದ. ಕೋಣೆಯಲ್ಲಿ ಒಲೆ ಉರಿಯುತ್ತಿದ್ದಂತೆಯೇ ಕೊಡೆ ಎತ್ತಿಕೊಂಡು ಓಡಿದ್ದಾನೆ. ಒಲೆ ಮಗುಚಿ ಚಾಪೆಗೆ ಹತ್ತಿ, ಕಾಗದದ ಬಾಗಿಲಿಗೆ ಹತ್ತಿತ್ತು. ನಮ್ಮ ಹಿಂದೆಯೇ ಮೆಳೆಗೆ ಬಂದು, ಅಷ್ಟು ಹೊತ್ತು ನಗುತ್ತ, ಮಕ್ಕಳನ್ನು ಸಮಾಧಾನಪಡಿಸುತ್ತ ಇದ್ದ ನೆರೆಮನೆಯವರ ಮುಖ ಆಗ ಬಿಳಿಚಿಕೊಂಡಿತು. ನೆಲ ನಡುಗಿದಾಗ ಇಲ್ಲದ ಭಯ! ಗಂಡಸರು ಹೆಂಗಸರು ಬಕೆಟ್ಟು ಹಿಡಿದು ಓಡಿದರು. ನೋಡುತ್ತೇನೆ, ಭಾವನೂ ಓಡುತ್ತಿದ್ದಾರೆ. ಬಿಸಿಲಿಗೆ ಹಾಕಿದ್ದ ಕಂಬಳಿಗಳನ್ನು ಬಾವಿಯ ನೀರಿನಲ್ಲಿ ಅದ್ದಿ, ಉರಿಯುವ ಗೋಡೆಯ ಮೇಲೆ ಎಸೆದರು. ಇದ್ದ ಹೊರೆಯೆಲ್ಲ ಮುಗಿಯಿತು. ಬೆಂಕಿ ಒಂದು ಮನೆಯನ್ನು ತಿಂದು ನಿಂತಿತು. ದೊರೆ ಆಚೆ ನಿಂತು, ತನ್ನ ಪೆಟ್ಟಿಗೆ ಸುಟ್ಟಿತೆಂದು ಪೊಲೀಸಿನವನ ಹತ್ತಿರ ದೂರು ಕೊಡುತ್ತಿದ್ದ.

ಪೇಟೆಯಿಂದ ಓಡಿಬಂದ ಕೆಂಜಿ ಭಾವನಿಗೆ ಬೀದಿಯನ್ನು ತೋರಿಸಿದ. ಮರದ ಮನೆಗಳು, ಒಂದಕ್ಕೊಂದು ಅಂಟಿಕೊಂಡವು. ಒಂದು ಒಲೆ ಬಿಟ್ಟು ಓಡಿದರೆ ಇಷ್ಟೂ ಹೋಗುತ್ತದೆ, ಮಗುವನ್ನು ಎತ್ತಿಕೊಂಡು ಎಲ್ಲಿಗೆ ಓಡುವುದು, ಎಂಬಂತಿತ್ತು ಅವನ ಮಾತು. ಭಾವ ನನಗೆ ಅದನ್ನು ಕನ್ನಡಕ್ಕೆ ತಂದು ಹೇಳಲಿಲ್ಲ. ಕೆಂಜಿಯ ಕೈ ಎತ್ತ ತೋರಿಸಿತೆಂದು ನೋಡಿಯೇ ನಾನು ತಿಳಿದುಕೊಂಡೆ.

ಮಗ್ಗದ ಮುಂದೆ

ಮೂಳೆ ಕಟ್ಟುವವನು ಬಂದು ಅಜ್ಜಿಯ ಕೈಗೆ ಬಿದಿರು ಸೀಳು ಕಟ್ಟಿ, ಮುಂದಿನ ಮಳೆಗಾಲದ ತನಕ ಗಂಟು ಗಿಂಟು ಏನೂ ಮುಟ್ಟಕೂಡದೆಂದು ಹೇಳಿ ಹೋದ. ನನ್ನ ಕಥೆ ಮುಗಿಯಿತು. ಬಳ್ಳಿ ಬರುತ್ತದೆ, ನವಿಲು ಬರುವುದಿಲ್ಲ. ಸೆರಗಿಲ್ಲದ ಸೀರೆಯನ್ನು ಯಾರು ಉಡುತ್ತಾರೆ? ಅವ್ವ ಮತ್ತೆ ಆ ಮಣೆಯ ಮೇಲೆ ಕೂತು ತಡವಬೇಕು. ಭಾವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಅವರ ಮುಖ ನೋಡದೆ ನನ್ನ ಗಂಟನ್ನು ನಾನೇ ಕಟ್ಟತೊಡಗಿದೆ. ಹೇಗೂ ಹೊರಡು ಅನ್ನುತ್ತಾರೆ. ಅನ್ನಿಸಿಕೊಳ್ಳುವ ಮೊದಲೇ ಸಿದ್ಧವಾಗಿದ್ದರೆ ಒಳ್ಳೆಯದು.

ಬೆಳಿಗ್ಗೆ ಮಗ್ಗದ ಮನೆಯಿಂದ ಅಜ್ಜಿಯ ಬೈಗುಳ ಕೇಳಿಸಿತು. ಹೋಗಿ ನೋಡಿದೆ. ಮಗ್ಗದ ಮುಂದೆ ಭಾವ ಕೂತಿದ್ದಾರೆ! ರುಮಾಲು ತೆಗೆದಿಟ್ಟು, ಪಂಚೆ ಎತ್ತಿಕಟ್ಟಿ, ದಪ್ಪ ಬೆರಳುಗಳಲ್ಲಿ ದಾರ ಹಿಡಿದುಕೊಂಡಿದ್ದಾರೆ. ಪಕ್ಕದಲ್ಲಿ ಅಜ್ಜಿ, ಎಡಗೈಯಲ್ಲಿ ಬಿದಿರು ಕಡ್ಡಿ. ಗಲ್ಲ ಆಡಿಸಿ ಒಂದು ಎಳೆ ತೋರಿಸುತ್ತಾಳೆ, ಭಾವ ಕಟ್ಟುತ್ತಾರೆ. ತಪ್ಪಿದರೆ ಏಟು. ಅವಳು ಜಪಾನೀ ಭಾಷೆಯಲ್ಲಿ ಬೈದರೆ ಇವರು ಚಳ್ಳಕೆರೆ ಕನ್ನಡದಲ್ಲಿ, "ಹೊಡೀಬ್ಯಾಡ ಕಣವ್ವ, ಕಟ್ತೀನಿ ತಡಿ" ಅನ್ನುತ್ತಾರೆ.

"ಭಾವ, ನಿಮಗ್ಯಾಕ್ರಿ ಇದು? ಹೊರಡಾಣ ಅಂದಿದ್ರಲ್ಲ?"

"ಕೈ ಮುರ್ದಿದ್ದು ನನ್ನಿಂದ ತಾನೆ? ಹಂಗಾದ್ರೆ ಕೈ ನಂದೇ ಆಗ್ಲಿ. ನೀನು ಬಾಯಿ ಮುಚ್ಕೊಂಡು ನೋಡು. ನವಿಲು ಕಲಿಯೋ ತನಕ ಟಿಕೇಟು ಬಿಚ್ಚಲ್ಲ."

ಗುಂಡಿ ಬಿಟ್ಟು ಗಾದಿಗೇರಿದವರ ಬೆರಳು ನೇಯ್ಗೆಯನ್ನು ಮರೆತಿರಲಿಲ್ಲ. ಮೊದಮೊದಲು ಎಳೆ ತಪ್ಪಿಸಿದವು, ಆಮೇಲೆ ಹಿಡಿತಕ್ಕೆ ಬಂದವು. ನಾನು ಪಕ್ಕದಲ್ಲಿ ಕೂತು ಅವರು ಕಟ್ಟಿದ್ದನ್ನು ಇನ್ನೊಂದು ಮಗ್ಗದಲ್ಲಿ ಕಟ್ಟುತ್ತ ಹೋದೆ. ನವಿಲಿನ ಕೊರಳು ಬಂತು, ಜುಟ್ಟು ಬಂತು. ಅಜ್ಜಿ ಭಾವನ ಜುಟ್ಟನ್ನು ನೋಡಿ ನಕ್ಕಳು, ಭಾವನೂ ನಕ್ಕರು. ಇನ್ನು ಬಾಲದ ಕಣ್ಣುಗಳಷ್ಟೇ ಉಳಿದಿದ್ದವು.

ಆಗ ನೆಲ ಮತ್ತೆ ನಡುಗಿತು. ಮಗ್ಗದ ದಾರಗಳೆಲ್ಲ ಒಟ್ಟಿಗೆ ಅದುರಿದ್ದಷ್ಟೇ ನನಗೆ ಗೊತ್ತು. ಉಸಿರು ತೆಗೆದುಕೊಂಡಾಗ ನಾನು ಬಿದಿರು ಮೆಳೆಯ ನಡುವೆ ನಿಂತಿದ್ದೆ, ಕೈಯಲ್ಲಿ ಹರಿದ ದಾರದ ತುಂಡು. ಅಕ್ಕಪಕ್ಕ ನೋಡಿದೆ. ಯಾರೂ ಇರಲಿಲ್ಲ. ಬೀದಿಯಲ್ಲಿ ಲಾಳಿಗಳು ಸದ್ದು ಮಾಡುತ್ತಲೇ ಇದ್ದವು.

ತೆರೆದ ಬಾಗಿಲಿನಿಂದ ಒಳಗೆ ಕಾಣುತ್ತಿತ್ತು. ಭಾವ ಮಗ್ಗ ಬಿಟ್ಟೆದ್ದು ಒಲೆಗೆ ನೀರು ಸುರಿದರು. ಕೆಂಡಕ್ಕೆ ಬೂದಿ ಎಳೆದರು. ಉಳಿದ ಬಾಗಿಲನ್ನೂ ಸರಿಸಿದರು. ಅಜ್ಜಿ ತಲೆಯಾಡಿಸಿ ಸರಿ ಎಂದಳು. ಅವರು ಮತ್ತೆ ಹೋಗಿ ಮಗ್ಗದ ಮುಂದೆ ಕೂತು, ನನ್ನ ಕಡೆಗೆ ತಿರುಗಿ ಕೂಗಿದರು:

"ಲೇ ಈರಣ್ಣ, ಮೆಳೇಲೇನು ಮಾಡ್ತೀಯಾ? ಬಾ, ಅವ್ವನ ನವಿಲಿಗೆ ಇನ್ನೂ ಬಾಲ ಬಾಕಿ ಐತೆ."